ಲಿವರ್ ಸಿರೋಸಿಸ್: ಕರುಳಿನ ಕಡೆಗೂ ಗಮನವಿರಲಿ

ಸಿರೋಸಿಸ್ ರೋಗಿ ಇರುವ ಮನೆಗಳಲ್ಲಿ ದಿನವೂ ಗಮನಿಸುವ ಸಂಗತಿಗಳು ಕೆಲವಿರುತ್ತವೆ. ಕಣ್ಣು ಹಳದಿಯಾಗಿದೆಯೇ, ಕಾಲು ಊದಿಕೊಂಡಿದೆಯೇ, ಹೊಟ್ಟೆಯಲ್ಲಿ ನೀರು ಹೆಚ್ಚಾಗಿ ಪಂಚೆಯ ಕಟ್ಟು ಬಿಗಿಯಾಗುತ್ತಿದೆಯೇ ಎಂದು ಮನೆಯವರು ನೋಡುತ್ತಿರುತ್ತಾರೆ. ಆದರೆ ನಿನ್ನೆ ರೋಗಿಗೆ ಎಷ್ಟು ಸಲ ಮಲವಿಸರ್ಜನೆ ಆಯಿತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೆಂಡತಿ ಗಂಡನ ಮುಖ ನೋಡುತ್ತಾರೆ, ಮಗ ನೆಲ ನೋಡುತ್ತಾನೆ. ನಾಲ್ಕು ಜನರ ಮುಂದೆ ಅದನ್ನು ಮಾತನಾಡುವ ರೂಢಿ ನಮ್ಮಲ್ಲಿಲ್ಲ. ಸಿರೋಸಿಸ್ ಇರುವ ಮನೆಯಲ್ಲಿ ಮಾತ್ರ ಈ ಸಂಕೋಚ ದುಬಾರಿಯಾಗುತ್ತದೆ.

ಈಚಿನ ವರ್ಷಗಳಲ್ಲಿ ಇದರೊಂದಿಗೆ ಇನ್ನೊಂದು ವಿಷಯವೂ ಸೇರಿಕೊಂಡಿದೆ. ‘ಡಾಕ್ಟರೇ, ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್ ಸಿಗುತ್ತದಂತೆ, ಲಿವರಿಗೂ ಒಳ್ಳೆಯದಂತೆ, ಕೊಡಬಹುದಾ?’ ಎಂದು ಮಗನೋ ಮಗಳೋ ಕೇಳುತ್ತಾರೆ. ‘ಮೊಸರು ಹಾಕಬಹುದಾ, ಶೀತ ಆಗುವುದಿಲ್ಲವಾ?’ ಎಂದು ಮನೆಯ ಹಿರಿಯರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ತಿಳಿಯಬೇಕಾದರೆ ಕರುಳಿಗೂ ಯಕೃತ್ತಿಗೂ ಇರುವ ನಂಟನ್ನು ಮೊದಲು ಅರಿಯಬೇಕು.

ಕರುಳಿನಿಂದ ಯಕೃತ್ತಿಗೆ

ಯಕೃತ್ತು, ಅಂದರೆ ನಾವೆಲ್ಲ ಲಿವರ್ ಎಂದು ಕರೆಯುವ ಅಂಗ, ಬಲಗಡೆ ಪಕ್ಕೆಲುಬುಗಳ ಕೆಳಗೆ ಅಡಗಿರುತ್ತದೆ. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋ. ಬೇರೆ ಅಂಗಗಳಿಗೆಲ್ಲ ರಕ್ತ ಹೃದಯದಿಂದ ಅಪಧಮನಿಗಳ ಮೂಲಕ ನೇರವಾಗಿ ಬಂದರೆ, ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳು, ಜಠರ, ಗುಲ್ಮಗಳನ್ನು ಸುತ್ತಿಕೊಂಡು ಪೋರ್ಟಲ್ ಎಂಬ ದೊಡ್ಡ ಅಭಿಧಮನಿಯ ಮೂಲಕ ಬರುತ್ತದೆ. ಉಂಡ ಅನ್ನದ ಸಾರ, ನುಂಗಿದ ಔಷಧ, ಕುಡಿದ ಮದ್ಯ, ಕರುಳಿನಲ್ಲಿ ಹುಟ್ಟಿದ ಕಲ್ಮಶ, ಎಲ್ಲವೂ ಮೊದಲು ಮುಟ್ಟುವುದು ಯಕೃತ್ತನ್ನು. ಊರಿನ ಹೆಬ್ಬಾಗಿಲಿನ ಸುಂಕದ ಕಟ್ಟೆಯಂತೆ ಅದು ಪ್ರತಿಯೊಂದನ್ನೂ ಪರೀಕ್ಷಿಸಿಯೇ ಒಳಗೆ ಬಿಡುತ್ತದೆ.

ಹಾಗೆ ಬರುವ ಕಲ್ಮಶಗಳಲ್ಲಿ ಮುಖ್ಯವಾದದ್ದು ಅಮೋನಿಯಾ. ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಕೆಲವು ಯೂರಿಯಾವನ್ನೂ ಸಸಾರಜನಕದ ಉಳಿಕೆಯನ್ನೂ ಒಡೆದು ಅಮೋನಿಯಾ ತಯಾರಿಸುತ್ತವೆ. ಸಣ್ಣ ಕರುಳಿನ ಗೋಡೆಯ ಜೀವಕೋಶಗಳೂ ತಮ್ಮ ಪಾಲಿನ ಅಮೋನಿಯಾ ಸೇರಿಸುತ್ತವೆ. ಆರೋಗ್ಯವಂತ ಯಕೃತ್ತು ಇದನ್ನೆಲ್ಲ ಹಿಡಿದು ನಿರಪಾಯಕಾರಿಯಾದ ಯೂರಿಯಾ ಆಗಿ ಬದಲಾಯಿಸುತ್ತದೆ. ಅದು ಮೂತ್ರದಲ್ಲಿ ಹೊರಹೋಗುತ್ತದೆ. ನಮಗೆ ಇದರ ಸುಳಿವೇ ಇರುವುದಿಲ್ಲ.

ಸಿರೋಸಿಸ್ ಎಂದರೆ ಯಕೃತ್ತಿನ ಮೆತ್ತನೆಯ ಅಂಗಾಂಶ ವರ್ಷಾನುಗಟ್ಟಲೆ ಗಾಯಗೊಂಡು, ಮಾಯ್ದು, ಮತ್ತೆ ಗಾಯಗೊಂಡು, ಕೊನೆಗೆ ಗಂಟುಗಂಟಾಗಿ ಗಡುಸಾಗುವುದು. ಇದು ಕುಡುಕರ ಕಾಯಿಲೆ ಎಂಬ ಮಾತು ಜನಜನಿತ. ಮದ್ಯ ದೊಡ್ಡ ಕಾರಣ ಹೌದು. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಂದಲೂ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಯಲ್ಲಿ ಬರುವ ಕೊಬ್ಬಿನ ಯಕೃತ್ತಿನಿಂದಲೂ ಇದು ಬರುತ್ತದೆ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟದ ಅಜ್ಜಿಯಂದಿರಿಗೂ ಸಿರೋಸಿಸ್ ಆಗುತ್ತದೆ. ಅಂಥವರನ್ನು ನೆಂಟರಿಷ್ಟರು ಅನುಮಾನದಿಂದ ನೋಡುವುದು ಅನ್ಯಾಯ.

ಗಡುಸಾದ ಯಕೃತ್ತಿನೊಳಗೆ ರಕ್ತ ಸಲೀಸಾಗಿ ಹರಿಯಲಾರದು. ಕಟ್ಟೆ ಹಾಕಿದ ನೀರಿನಂತೆ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿ, ರಕ್ತ ಪಕ್ಕದ ಸಣ್ಣಪುಟ್ಟ ನಾಳಗಳನ್ನು ಹುಡುಕಿಕೊಂಡು, ಯಕೃತ್ತನ್ನು ಬಳಸಿಕೊಂಡೇ ಹೃದಯಕ್ಕೆ ಹೋಗುತ್ತದೆ. ಅಮೋನಿಯಾ ಸುಂಕದ ಕಟ್ಟೆ ತಪ್ಪಿಸಿ ಮಿದುಳನ್ನು ತಲುಪುತ್ತದೆ.

ಅತ್ತ ಕರುಳೂ ಮೊದಲಿನಂತಿರುವುದಿಲ್ಲ. ಪಿತ್ತರಸ ಕಡಿಮೆಯಾಗಿ, ಕರುಳಿನ ಚಲನೆ ನಿಧಾನವಾಗಿ, ಹೆಚ್ಚು ಬ್ಯಾಕ್ಟೀರಿಯಾ ಇರಬಾರದ ಸಣ್ಣ ಕರುಳಿನಲ್ಲೂ ಅವು ಬೀಡುಬಿಡುತ್ತವೆ. 2014ರಲ್ಲಿ ಚೀನಾದ ವಿಜ್ಞಾನಿಗಳು 98 ಸಿರೋಸಿಸ್ ರೋಗಿಗಳ ಮತ್ತು 83 ಆರೋಗ್ಯವಂತರ ಮಲವನ್ನು ಪರೀಕ್ಷಿಸಿ ಸೋಜಿಗದ ಸಂಗತಿಯೊಂದನ್ನು ಪ್ರಕಟಿಸಿದರು. ರೋಗಿಗಳ ಕರುಳಿನಲ್ಲಿ ಹೆಚ್ಚಾಗಿ ಕಂಡ ಜಾತಿಗಳಲ್ಲಿ ಅರ್ಧಕ್ಕೂ ಮಿಕ್ಕಿದವು ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು! ಹಲ್ಲಿನ ಸಂದಿಯಲ್ಲಿರಬೇಕಾದವು ಕರುಳಿಗೆ ವಲಸೆ ಹೋಗಿದ್ದವು. ಸಿರೋಸಿಸ್ ರೋಗಿಗಳು ದಿನಕ್ಕೆರಡು ಬಾರಿ ಹಲ್ಲುಜ್ಜಬೇಕು, ವಸಡಿನ ಕೀವು ರಕ್ತಗಳನ್ನು ದಂತವೈದ್ಯರಿಗೆ ತೋರಿಸಬೇಕು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕರುಳಿನ ಗೋಡೆಯೂ ಜಿನುಗತೊಡಗುವುದರಿಂದ ಬ್ಯಾಕ್ಟೀರಿಯಾಗಳು ಹೊಟ್ಟೆಯ ನೀರಿಗೆ ನುಸುಳಿ ಸೋಂಕು ಹಚ್ಚುವುದೂ ಉಂಟು.

ನಾಯಿಗಳ ಮೇಲಿನ ಪ್ರಯೋಗ

ಯಕೃತ್ತಿನ ಕಾಯಿಲೆ ಬುದ್ಧಿಯನ್ನು ಮಂಕಾಗಿಸುವುದು ಹೇಗೆಂಬ ಒಗಟಿಗೆ ಮೊದಲ ಸುಳಿವು ಸಿಕ್ಕಿದ್ದು ರಷ್ಯಾದಲ್ಲಿ. 1877ರಲ್ಲಿ ನಿಕೊಲಾಯ್ ಎಕ್ ಎಂಬಾತ ನಾಯಿಗಳ ಪೋರ್ಟಲ್ ರಕ್ತನಾಳವನ್ನು ಯಕೃತ್ತಿಗೆ ಹೋಗಗೊಡದೆ ನೇರವಾಗಿ ಹೃದಯದ ಕಡೆಗೆ ಹೋಗುವ ಮಹಾಭಿಧಮನಿಗೆ ಜೋಡಿಸಿದ. 1893ರಲ್ಲಿ ನೆನ್ಸ್ಕಿ, ಪಾವ್ಲೊವ್ ಮತ್ತು ಸಂಗಡಿಗರು ಅಂಥ ನಾಯಿಗಳನ್ನು ಸಾಕಿ ನೋಡಿದರು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಪ್ರಯೋಗದಿಂದ ಶಾಲಾ ಮಕ್ಕಳಿಗೂ ಪರಿಚಿತನಾದ ಪಾವ್ಲೊವ್‌ನೇ ಈತ. ಮಾಂಸ ತಿನ್ನಿಸಿದಾಗ ಈ ನಾಯಿಗಳು ಓಲಾಡುತ್ತಿದ್ದವು, ಮಂಪರಿಗೆ ಜಾರುತ್ತಿದ್ದವು, ಕೆಲವು ಪ್ರಜ್ಞೆ ತಪ್ಪುತ್ತಿದ್ದವು. ಅವುಗಳ ಮಿದುಳಿಗೆ ಯಾರೂ ಕೈ ಹಾಕಿರಲಿಲ್ಲ. ಕರುಳಿನ ರಕ್ತ ಯಕೃತ್ತನ್ನು ದಾಟದೆ ಹೋದದ್ದೇ ಸಾಕಾಗಿತ್ತು.

ಈ ಪ್ರಯೋಗದಿಂದ ಒಂದು ಕಡೆ ಅಮೋನಿಯಾದ ತಿಳಿವಳಿಕೆ ಬೆಳೆಯಿತು. ಇನ್ನೊಂದು ಕಡೆ ಯಕೃತ್ತಿನ ರೋಗಿಗೆ ಸಸಾರಜನಕವೇ ವಿಷ ಎಂಬ ಭಯವೂ ಬೆಳೆಯಿತು. ಆ ಭಯ ಎಷ್ಟು ಕೆಡುಕು ಮಾಡಿತೆಂಬುದನ್ನು ಮುಂದೆ ಹೇಳುತ್ತೇನೆ.

ಮನೆಯವರು ಗುರುತಿಸಬೇಕಾದದ್ದು

ಯಕೃತ್ತಿನ ದೋಷದಿಂದ ಮಿದುಳು ಮಂಕಾಗುವ ಈ ಸ್ಥಿತಿಗೆ ಹೆಪಾಟಿಕ್ ಎನ್‌ಸೆಫಲೋಪತಿ ಎಂದು ಹೆಸರು. ಇದು ಬರುವುದು ಮೆಲ್ಲಗೆ. ರೋಗಿ ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಕಣ್ಣು ಬಿಟ್ಟುಕೊಂಡು ಮನೆಯೆಲ್ಲ ಓಡಾಡುತ್ತಾರೆ. ಸಣ್ಣ ಮಾತಿಗೂ ಸಿಡುಕುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಅಂಗಿಯ ಗುಂಡಿ ಹಾಕಲು ತಡಕಾಡುತ್ತಾರೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅಂಗೈಯನ್ನು ಹಿಂದಕ್ಕೆ ಮಡಿಸಿ ಹಿಡಿಯಲು ಹೇಳಿದರೆ, ಹಕ್ಕಿ ರೆಕ್ಕೆ ಬಡಿದಂತೆ ಕೈ ಪಟಪಟ ಬೀಳುತ್ತದೆ. ಬಾಯಿಂದ ಸಿಹಿ ಬೆರೆತ ಮುಗ್ಗಲು ವಾಸನೆ ಬರಬಹುದು. ಮುಂದಿನ ಹಂತದಲ್ಲಿ ಊರು, ವಾರ, ಮಕ್ಕಳ ಹೆಸರು ತಪ್ಪತೊಡಗುತ್ತದೆ, ಕೊನೆಗೆ ಪ್ರಜ್ಞೆಯೇ ತಪ್ಪುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ನಿವೃತ್ತ ಶಾಲಾ ಮಾಸ್ತರರೊಬ್ಬರ ಕಾಯಿಲೆಯ ಈ ಮುಖವನ್ನು ಮೊದಲು ಗುರುತಿಸಿದ್ದು ಬ್ಯಾಂಕಿನ ಗುಮಾಸ್ತರು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆದವರ ಸಹಿ ಹೊಂದುತ್ತಿಲ್ಲವೆಂದು ಚೆಕ್ಕು ವಾಪಸಾಯಿತು. ಮನೆಯವರು ವಯಸ್ಸಾಯಿತಲ್ಲ ಎಂದುಕೊಂಡಿದ್ದರು. ಚಿಕಿತ್ಸೆ ಶುರುವಾಗಿ ಒಂದು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ತಮ್ಮನ ಮಗಳ ಮದುವೆ ಬಂತು. ಛತ್ರದಲ್ಲಿ ಪದೇ ಪದೇ ಕಕ್ಕಸಿಗೆ ಹೋಗುವುದು ಮುಜುಗರವೆಂದು ದಿನವೂ ಕುಡಿಯುತ್ತಿದ್ದ ಸಿರಪ್ಪನ್ನು ಬಿಟ್ಟರು. ಅದರ ಬದಲಿಗೆ ಮಗಳು ಪ್ರೀತಿಯಿಂದ ತಂದಿದ್ದ ದುಬಾರಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ನುಂಗಿದರು. ಮೂರು ದಿನ ಹೊಟ್ಟೆ ಕಟ್ಟಿತು. ನಾಲ್ಕನೆಯ ದಿನ ಅವರನ್ನು ಎತ್ತಿಕೊಂಡು ಬಂದಾಗ ಮೊಮ್ಮಗನ ಗುರುತೂ ಅವರಿಗೆ ಹತ್ತಲಿಲ್ಲ. ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟು, ಮೂಗಿನ ನಳಿಗೆಯಿಂದ ಅದೇ ಸಿರಪ್ ಕೊಟ್ಟು, ಎರಡು ದಿನಗಳಲ್ಲಿ ಅವರು ಮಾತನಾಡಿದರು. ಕ್ಯಾಪ್ಸೂಲಿನಿಂದ ತೊಂದರೆಯಾಗಲಿಲ್ಲ, ಸಿರಪ್ಪು ನಿಂತದ್ದರಿಂದ ಆಯಿತು.

ಮೇಲುನೋಟಕ್ಕೆ ಏನೂ ಕಾಣದ ಮಂದ ಸ್ಥಿತಿಯೂ ಒಂದಿದೆ. ಮಾತುಕತೆ ಸರಿಯಾಗಿರುತ್ತದೆ, ಆದರೆ ಗಮನ ಕುಂದಿರುತ್ತದೆ, ಕೈಕಾಲಿನ ಚುರುಕು ತಗ್ಗಿರುತ್ತದೆ. ಸ್ಕೂಟರು, ಟ್ರ್ಯಾಕ್ಟರು ಓಡಿಸುವವರಲ್ಲಿ ಇದು ಅಪಾಯಕಾರಿ. ಇದನ್ನು ಪತ್ತೆಹಚ್ಚಲು ವೈದ್ಯರು ಬಳಸುವ ಸರಳ ಪರೀಕ್ಷೆಯೊಂದಿದೆ. ಒಂದು ನಿಮಿಷದಲ್ಲಿ ರೋಗಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರು ಎಂದು ಎಣಿಸುವುದು. ಹದಿನೈದಕ್ಕಿಂತ ಹೆಚ್ಚು ಹೇಳಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹತ್ತನ್ನೂ ಮುಟ್ಟದಿದ್ದರೆ ಸಂಶಯ ಪಡಬೇಕು. ವಯಸ್ಸು ಮತ್ತು ವಿದ್ಯಾಭ್ಯಾಸದ ಪ್ರಕಾರ ಇದು ಬದಲಾಗುವುದರಿಂದ ಮನೆಯಲ್ಲಿ ರೋಗವನ್ನು ನಿರ್ಧರಿಸಲು ಹೋಗಬೇಡಿ. ಅದೇ ವ್ಯಕ್ತಿ ಕಳೆದ ತಿಂಗಳು ಹದಿನೆಂಟು ಹೇಳಿ ಈ ತಿಂಗಳು ಎಂಟಕ್ಕೆ ನಿಂತರೆ ವೈದ್ಯರಿಗೆ ತಿಳಿಸಿ. ಮೊಮ್ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಆಟವಾಡಿದಂತೆ ಮಾಡುತ್ತಾರೆ.

ಸಿಹಿ ಸಿರಪ್ಪಿನ ಕೆಲಸ

ಮಾಸ್ತರರು ಬಿಟ್ಟ ಸಿರಪ್ಪಿನ ಹೆಸರು ಲ್ಯಾಕ್ಟುಲೋಸ್. ಹಾಲಿನಲ್ಲಿರುವ ಸಕ್ಕರೆಯನ್ನು ಸ್ವಲ್ಪ ಬದಲಿಸಿ ಇದನ್ನು ತಯಾರಿಸುತ್ತಾರೆ. ನಮ್ಮ ಸಣ್ಣ ಕರುಳಿಗೆ ಇದನ್ನು ಅರಗಿಸುವ ಶಕ್ತಿಯಿಲ್ಲ. ಹಾಗಾಗಿ ಅದು ಇದ್ದಂತೆಯೇ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಆಮ್ಲ ಮಾಡುತ್ತವೆ. ಆಮ್ಲದ ವಾತಾವರಣದಲ್ಲಿ ಅಮೋನಿಯಾ ರಕ್ತಕ್ಕೆ ಇಳಿಯಲಾರದ ರೂಪಕ್ಕೆ ತಿರುಗಿ ಕರುಳಿನಲ್ಲಿಯೇ ಸಿಕ್ಕಿಬೀಳುತ್ತದೆ. ಜೊತೆಗೆ ನೀರನ್ನು ಸೆಳೆದು ಮಲವನ್ನು ಸಡಿಲಿಸಿ, ಸಿಕ್ಕಿಬಿದ್ದ ಅಮೋನಿಯಾವನ್ನು ಹೊರಕ್ಕೆ ತಳ್ಳುತ್ತದೆ.

1957ರಲ್ಲಿ ಪೆಟುವೆಲಿ ಎಂಬ ವೈದ್ಯರು ಈ ಸಕ್ಕರೆ ಶಿಶುಗಳ ಕರುಳಿನಲ್ಲಿ ಬೈಫಿಡಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾವನ್ನು ಹೆಚ್ಚಿಸುತ್ತದೆ ಎಂದು ತೋರಿಸಿದ್ದರು. ಅದನ್ನು ಅನುಸರಿಸಿ 1966ರಲ್ಲಿ ಬಿರ್ಖರ್ ಮತ್ತು ಸಂಗಡಿಗರು ಯಕೃತ್ತಿನ ರೋಗಿಗಳಿಗೆ ಇದನ್ನು ಕೊಟ್ಟು ಗುಣ ಕಂಡರು. ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಬೇಕೆಂದು ಹಂಬಲಿಸಿ ಲ್ಯಾಕ್ಟುಲೋಸ್ ನಿಲ್ಲಿಸುವವರು ಅವುಗಳ ಊಟವನ್ನೇ ಕಿತ್ತುಕೊಂಡಂತಾಯಿತು!

ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯವಾಗಿ 15ರಿಂದ 30 ಮಿಲಿಲೀಟರ್, ದಿನಕ್ಕೆ ಎರಡು ಮೂರು ಬಾರಿ. ಬಾಟಲಿಯ ಅಳತೆಗಿಂತ ಮುಖ್ಯವಾದದ್ದು ಫಲ. ದಿನಕ್ಕೆ ಎರಡು ಅಥವಾ ಮೂರು ಬಾರಿ ಮೆತ್ತಗೆ ಮಲ ಹೋಗಬೇಕು. ಒಂದೂ ಆಗದಿದ್ದರೆ ಪ್ರಮಾಣ ಹೆಚ್ಚಿಸಬೇಕು. ನೀರಿನಂತೆ ಐದಾರು ಬಾರಿ ಆದರೆ ತಗ್ಗಿಸಬೇಕು. ಏಕೆಂದರೆ ವಿಪರೀತ ಭೇದಿಯಾಗಿ ನೀರು, ಲವಣ ಹೋದರೆ ಅದರಿಂದಲೂ ಮಂಪರು ಬರುತ್ತದೆ. ಈ ಏರಿಳಿತ ಹೇಗೆ ಮಾಡಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ‘ಇದು ಭೇದಿ ಔಷಧ, ದಿನಾ ಕೊಟ್ಟರೆ ನಿತ್ರಾಣ ಆಗುತ್ತದೆ’ ಎಂದು ಪಕ್ಕದ ಮನೆಯವರು ಹೇಳಿದರೆಂದು ನಿಲ್ಲಿಸಬೇಡಿ. ಮೊದಮೊದಲು ಹೊಟ್ಟೆಯುಬ್ಬರ, ವಾಯು, ಅತಿಯಾದ ಸಿಹಿಯಿಂದ ಓಕರಿಕೆ ಇರುತ್ತದೆ. ನೀರಿನಲ್ಲೋ ಮಜ್ಜಿಗೆಯಲ್ಲೋ ಬೆರೆಸಿ ಕುಡಿಯಬಹುದು. ಈ ಸಿಹಿ ರಕ್ತಕ್ಕೆ ಹೆಚ್ಚೇನೂ ಸೇರುವುದಿಲ್ಲವಾದ್ದರಿಂದ ಸಕ್ಕರೆ ಕಾಯಿಲೆಯವರೂ ವೈದ್ಯರಿಗೆ ತಿಳಿಸಿ ತೆಗೆದುಕೊಳ್ಳಬಹುದು. ಮಾಸ್ತರರಂತೆ ಮದುವೆ, ಪ್ರಯಾಣಗಳಿಗೆ ಹೋಗಬೇಕಾದಾಗ ಸಿರಪ್ ತೆಗೆದುಕೊಳ್ಳುವ ಹೊತ್ತನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು, ಪೂರ್ತಿ ಬಿಡಬಾರದು.

ಲ್ಯಾಕ್ಟುಲೋಸ್ ಕುಡಿಯುತ್ತಿದ್ದರೂ ಮತ್ತೆ ಮತ್ತೆ ಮಂಪರು ಬರುವವರಿಗೆ ರಿಫಾಕ್ಸಿಮಿನ್ ಎಂಬ ಮಾತ್ರೆಯನ್ನು ಸೇರಿಸುತ್ತಾರೆ. ಇದು ಕರುಳಿನಲ್ಲಿಯೇ ಉಳಿದು ಕೆಲಸ ಮಾಡುವ ಪ್ರತಿಜೈವಿಕ. 2010ರಲ್ಲಿ ಪ್ರಕಟವಾದ 299 ರೋಗಿಗಳ ಅಧ್ಯಯನದಲ್ಲಿ ಆರು ತಿಂಗಳೊಳಗೆ ಮಂಪರು ಮರುಕಳಿಸಿದ್ದು ಈ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 22, ತೆಗೆದುಕೊಳ್ಳದವರಲ್ಲಿ ಶೇಕಡಾ 46. ಅವರಲ್ಲಿ ಹೆಚ್ಚಿನವರು ಲ್ಯಾಕ್ಟುಲೋಸನ್ನೂ ಕುಡಿಯುತ್ತಿದ್ದರೆಂಬುದನ್ನು ಮರೆಯಬಾರದು.

ಪ್ರೊಬಯಾಟಿಕ್: ಎಷ್ಟು ನಂಬಬಹುದು?

ಹುಳಿಮೊಸರಿನ ಬ್ಯಾಕ್ಟೀರಿಯಾ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ ಎಂಬ ವಾದವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಎತ್ತಿದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕೊಫ್. 1908ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ವಿಜ್ಞಾನಿ ಅವರು. ಬಹುಮಾನ ಬಂದದ್ದು ಬೇರೆ ಸಂಶೋಧನೆಗೆ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು, ತಕ್ಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳನ್ನು ಪ್ರೊಬಯಾಟಿಕ್ ಎಂದು ಕರೆದರು. ಜೀವಂತವಾಗಿರಬೇಕು, ತಕ್ಕಷ್ಟಿರಬೇಕು, ಒಳಿತು ರುಜುವಾತಾಗಿರಬೇಕು. ಅಂಗಡಿಯ ಡಬ್ಬಿಗಳಲ್ಲಿ ಎಷ್ಟೋ ಈ ಮೂರನೆಯ ಮಾತಿನಲ್ಲಿ ಸೋಲುತ್ತವೆ.

ಯಕೃತ್ತಿನ ರೋಗಿಗಳಿಗೆ ಇಂಥ ಬ್ಯಾಕ್ಟೀರಿಯಾ ಕೊಟ್ಟು ನೋಡಿದ ವರದಿ 1965ರಷ್ಟು ಹಿಂದೆಯೇ ಪ್ರಕಟವಾಗಿದೆ. ಈಚಿನ ಒಳ್ಳೆಯ ಅಧ್ಯಯನಗಳಲ್ಲಿ ಎರಡು ನಮ್ಮ ದೇಶದವೇ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು ಒಮ್ಮೆ ಮಂಪರಾಗಿ ಚೇತರಿಸಿಕೊಂಡ ರೋಗಿಗಳನ್ನು ಮೂರು ಗುಂಪು ಮಾಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಂಪರು ಮರುಕಳಿಸಿದ್ದು ಲ್ಯಾಕ್ಟುಲೋಸ್ ಕುಡಿದವರಲ್ಲಿ ಶೇಕಡಾ 26.5, ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಶೇಕಡಾ 34.4, ಎರಡನ್ನೂ ತೆಗೆದುಕೊಳ್ಳದವರಲ್ಲಿ ಶೇಕಡಾ 56.9. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು 130 ರೋಗಿಗಳನ್ನು ಆರು ತಿಂಗಳು ಗಮನಿಸಿ 2014ರಲ್ಲಿ ವರದಿ ಕೊಟ್ಟರು. ಮಂಪರಿನಿಂದ ಆಸ್ಪತ್ರೆ ಸೇರಬೇಕಾದವರು ಪ್ರೊಬಯಾಟಿಕ್ ಗುಂಪಿನಲ್ಲಿ ಶೇಕಡಾ 19.7, ಹುಸಿ ಔಷಧದ ಗುಂಪಿನಲ್ಲಿ ಶೇಕಡಾ 42.2. ಮಂಪರು ಬರುವುದು ಪೂರ್ತಿ ತಪ್ಪಿತೇ ಎಂದು ನೋಡಿದಾಗ ವ್ಯತ್ಯಾಸ ಅಷ್ಟು ಖಚಿತವಾಗಿರಲಿಲ್ಲ. ಅಮೆರಿಕದ ಪುಟ್ಟ ಅಧ್ಯಯನವೊಂದು ನಮ್ಮ ಅಡುಗೆಮನೆಗೆ ಹತ್ತಿರವಾದದ್ದು. 2008ರಲ್ಲಿ ಪ್ರಕಟವಾದ ಅದರಲ್ಲಿ ಮಂದ ಸ್ಥಿತಿಯ 17 ರೋಗಿಗಳಿಗೆ ಅರವತ್ತು ದಿನ ಪ್ರೊಬಯಾಟಿಕ್ ಮೊಸರು ಕೊಟ್ಟಾಗ 12 ಮಂದಿ ಮೊದಲಿನಂತಾದರು. ಮೊಸರಿಲ್ಲದ ಎಂಟು ಮಂದಿಯಲ್ಲಿ ಒಬ್ಬರೂ ಆಗಲಿಲ್ಲ. ಆದರೆ ಇಪ್ಪತ್ತೈದು ಜನರ ಅಧ್ಯಯನವನ್ನು ನಂಬಿ ಚಿಕಿತ್ಸೆ ಬದಲಿಸಲಾಗುವುದಿಲ್ಲ.

ಇಂಥ 21 ಅಧ್ಯಯನಗಳನ್ನು, ಅಂದರೆ 1420 ರೋಗಿಗಳ ವಿವರಗಳನ್ನು, ಒಟ್ಟಿಗಿಟ್ಟು ತೂಗಿ ನೋಡಿದ ಕಾಕ್ರೇನ್ ಪರಾಮರ್ಶೆ 2017ರಲ್ಲಿ ಬಂತು. ಏನೂ ಕೊಡದಿರುವುದಕ್ಕಿಂತ ಪ್ರೊಬಯಾಟಿಕ್ ಕೊಟ್ಟರೆ ಮಂಪರಿನ ವಿಷಯದಲ್ಲಿ ಸ್ವಲ್ಪ ಅನುಕೂಲ ಕಾಣುತ್ತದೆ, ಸಾವು ತಪ್ಪುತ್ತದೆ ಎನ್ನಲು ಆಧಾರವಿಲ್ಲ, ಲ್ಯಾಕ್ಟುಲೋಸಿಗಿಂತ ಮೇಲೆಂದು ಹೇಳಲಾಗದು, ಅಧ್ಯಯನಗಳ ಗುಣಮಟ್ಟವೂ ಸಾಲದು ಎಂಬುದು ಅದರ ಸಾರ.

ನನ್ನ ಅಭಿಪ್ರಾಯ ಕೇಳಿದರೆ, ಪ್ರೊಬಯಾಟಿಕ್ ಊಟದೆಲೆಯ ತುದಿಯ ಪಲ್ಯ, ಲ್ಯಾಕ್ಟುಲೋಸ್ ಅನ್ನ. ಕೈಯಲ್ಲಿ ದುಡ್ಡಿದ್ದು, ತಜ್ಞರು ಬರೆದುಕೊಟ್ಟಿದ್ದರೆ, ಸಿರಪ್ಪಿನ ಜೊತೆಗೆ ತೆಗೆದುಕೊಳ್ಳಿ. ತಿಂಗಳ ಖರ್ಚಿನಲ್ಲಿ ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಿದ್ದರೆ ಸಿರಪ್ಪನ್ನೇ ಕೊಳ್ಳಿ. ಕೊಳ್ಳುವಾಗ ಡಬ್ಬಿಯ ಮೇಲೆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು, ಎಷ್ಟು ಕೋಟಿ ಇವೆ, ಯಾವ ದಿನಾಂಕದವರೆಗೆ ಜೀವಂತವಿರುತ್ತವೆ, ತಂಪಿನಲ್ಲಿ ಇಡಬೇಕೇ ಎಂಬುದನ್ನು ನೋಡಿ. ತಂಪಿನಲ್ಲಿಡಬೇಕಾದದ್ದು ಬೇಸಿಗೆಯಲ್ಲಿ ಬಳ್ಳಾರಿಯ ಬಸ್ಸಿನಲ್ಲಿ ಚೀಲದೊಳಗೆ ಬೆಂದು ಬಂದಿದ್ದರೆ ನೀವು ಕೊಳ್ಳುವುದು ಸತ್ತ ಬ್ಯಾಕ್ಟೀರಿಯಾವನ್ನು. ಪ್ರತಿರೋಧ ಶಕ್ತಿ ತೀರಾ ಕುಗ್ಗಿದ ರೋಗಿಗಳಲ್ಲಿ ಅಪರೂಪಕ್ಕೆ ಈ ಬ್ಯಾಕ್ಟೀರಿಯಾಗಳೇ ರಕ್ತಕ್ಕೆ ಸೇರಿ ಸೋಂಕು ಮಾಡಿದ ಉದಾಹರಣೆಗಳೂ ಇವೆ. ಆದ್ದರಿಂದ ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೆ ವೈದ್ಯರಿಗೆ ತಿಳಿಸದೆ ಕೊಡಲೇಬಾರದು.

ಮೊಸರು, ಮಜ್ಜಿಗೆ, ಉಪ್ಪು

ಮನೆಯ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಯಥೇಚ್ಛವಾಗಿರುತ್ತವೆ. ಯಾವ ಜಾತಿ, ಎಷ್ಟು ಎಂಬುದು ಮನೆಮನೆಗೂ, ಹೆಪ್ಪಿನಿಂದ ಹೆಪ್ಪಿಗೂ ಬೇರೆ. ಅನೇಕವು ಜಠರದ ಆಮ್ಲದಲ್ಲಿ ಸಾಯುತ್ತವೆ. ಆದ್ದರಿಂದ ಅದನ್ನು ಅಳತೆ ಮಾಡಿದ ಔಷಧವೆಂದು ತಿಳಿಯಬಾರದು, ಒಳ್ಳೆಯ ಆಹಾರವೆಂದು ತಿಳಿಯಬೇಕು. ನೂರು ಗ್ರಾಂ ಮೊಸರಿನಲ್ಲಿ ಸುಮಾರು ಮೂರು ಗ್ರಾಂ ಸಸಾರಜನಕವಿದೆ. ಹಾಲಿನ ಸಸಾರಜನಕ ಈ ರೋಗಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ರಾತ್ರಿ ಮೊಸರು ಶೀತವೆಂದು ಸಿರೋಸಿಸ್ ರೋಗಿಗೆ ನಿಲ್ಲಿಸಲು ಕಾರಣವಿಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿ, ಹುಳಿ ಹೆಚ್ಚುವ ಮೊದಲೇ ಬಳಸಿ. ಹಸಿ ಹಾಲು ಬೇಡವೇ ಬೇಡ.

ಇಡ್ಲಿ ಹಿಟ್ಟು ಉಕ್ಕುವುದೂ ಬ್ಯಾಕ್ಟೀರಿಯಾದಿಂದಲೇ, ಆದರೆ ಹಬೆಯಲ್ಲಿ ಅವು ಉಳಿಯುವುದಿಲ್ಲ. ಮಜ್ಜಿಗೆ ಹುಳಿ ಕುದಿದ ಮೇಲೆ ಅದರಲ್ಲೂ ಅಷ್ಟೇ. ತಿನ್ನಲು ಅಡ್ಡಿಯಿಲ್ಲ, ಪ್ರೊಬಯಾಟಿಕ್ ಎಂದು ಹೇಳಿಕೊಳ್ಳುವಂತಿಲ್ಲ.

ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಅಂದರೆ ಜಲೋದರವಿರುವವರಿಗೆ, ದಿನದ ಒಟ್ಟು ಉಪ್ಪು ಸುಮಾರು ಐದು ಗ್ರಾಂ, ಒಂದು ಟೀ ಚಮಚದಷ್ಟು ಮಾತ್ರ. ಮೊಸರಿನ ನೆಪದಲ್ಲಿ ಈ ಲೆಕ್ಕ ತಪ್ಪುವುದನ್ನು ನಾನು ಬಹಳ ಕಂಡಿದ್ದೇನೆ. ಉಪ್ಪು ಹಾಕಿ ಕಡೆದ ಮಜ್ಜಿಗೆ, ಮೊಸರನ್ನಕ್ಕೆ ಮಾವಿನ ಮಿಡಿ, ಬಾಳಕದ ಮೆಣಸಿನಕಾಯಿ, ಹಪ್ಪಳ, ಸಂಡಿಗೆ! ಉಪ್ಪಿನಕಾಯಿಯೂ ಹುದುಗಿದ ಪದಾರ್ಥವಲ್ಲವೇ ಎಂದು ಒಬ್ಬರು ನನ್ನೊಡನೆ ವಾದಕ್ಕೇ ನಿಂತಿದ್ದರು. ಮಜ್ಜಿಗೆಗೆ ಶುಂಠಿ, ಕರಿಬೇವು, ಕೊತ್ತಂಬರಿ, ನಿಂಬೆರಸ ಹಾಕಿ, ಉಪ್ಪು ಬೇಡ.

ಬೇಳೆ ಬಿಡಬೇಡಿ

ಕಾಮಾಲೆ ಎಂದೊಡನೆ ಪಥ್ಯ ಎನ್ನುವ ಸಂಪ್ರದಾಯ ನಮ್ಮದು. ಗಂಜಿ, ಮಜ್ಜಿಗೆ ಅನ್ನ, ಕಬ್ಬಿನ ಹಾಲು, ಗ್ಲೂಕೋಸ್ ನೀರು. ಬೇಳೆ ಇಲ್ಲ, ಮೊಟ್ಟೆ ಇಲ್ಲ, ಎಣ್ಣೆ ಇಲ್ಲ. ವೈದ್ಯರೂ ದಶಕಗಳ ಕಾಲ ಪಾವ್ಲೊವನ ನಾಯಿಗಳನ್ನು ನೆನೆದು ಸಸಾರಜನಕ ಕಡಿಮೆ ಮಾಡಿಸಿದ್ದುಂಟು. 2004ರಲ್ಲಿ ಬಾರ್ಸಿಲೋನಾದ ವೈದ್ಯರು, ಮಂಪರಾದ ರೋಗಿಗಳಿಗೆ ಮೊದಲ ದಿನದಿಂದಲೇ ಸಾಮಾನ್ಯ ಪ್ರಮಾಣದ ಸಸಾರಜನಕ ಕೊಟ್ಟರೂ ಚೇತರಿಕೆಗೆ ಅಡ್ಡಿಯಾಗದೆಂದು ತೋರಿಸಿದರು. ಕಡಿಮೆ ಕೊಟ್ಟವರಲ್ಲಿ ದೇಹದ ಸ್ವಂತ ಸಸಾರಜನಕವೇ ಹೆಚ್ಚು ಕರಗಿತ್ತು.

ಯಕೃತ್ತು ಸೋತಾಗ ರಕ್ತದ ಅಮೋನಿಯಾವನ್ನು ಹಿಡಿಯುವ ಇನ್ನೊಂದು ಅಂಗ ಮಾಂಸಖಂಡ. ಪಥ್ಯದ ಹೆಸರಿನಲ್ಲಿ ತೋಳು ತೊಡೆಗಳನ್ನು ಬತ್ತಿಸಿದರೆ ಈ ಆಸರೆಯೂ ಹೋಗುತ್ತದೆ. ಈಗಿನ ಸಲಹೆ ಎಂದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಸಸಾರಜನಕ. ಹೊಟ್ಟೆಯ ನೀರಿನ ತೂಕ ಕಳೆದು 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಬೇಳೆ, ಹೆಸರುಕಾಳು, ಹಾಲು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವುಗಳನ್ನು ದಿನದುದ್ದಕ್ಕೂ ಹಂಚಿ ಕೊಡಿ. ಕಾಳು ತರಕಾರಿಗಳ ನಾರು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಆಹಾರ, ಮಲಬದ್ಧತೆಗೂ ಮದ್ದು.

ಇನ್ನೊಂದು ವಿಷಯ. ಸಿರೋಸಿಸ್ ರೋಗಿಗೆ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಮಲಗುವ ಮುನ್ನ ಒಂದು ಲೋಟ ಹಾಲಿನ ರಾಗಿ ಗಂಜಿಯೋ, ಚಪಾತಿಯೋ, ಸ್ವಲ್ಪ ಮೊಸರನ್ನವೋ ಹೊಟ್ಟೆಗೆ ಬೀಳಬೇಕು. ಬೆಳಿಗ್ಗೆ ಎದ್ದ ಮೇಲೆ ಬೇಗ ತಿಂಡಿ ಕೊಡಬೇಕು. ಶನಿವಾರದ ಒಪ್ಪತ್ತು, ಏಕಾದಶಿ, ರಂಜಾನ್ ಉಪವಾಸಗಳ ಬಗ್ಗೆ ವೈದ್ಯರೊಡನೆ ಮುಂಚೆಯೇ ಮಾತನಾಡಿ.

ಮಾತ್ರೆಗಳ ಬಗ್ಗೆ ಎಚ್ಚರ

ಗ್ಯಾಸ್ ಮಾತ್ರೆ ಎಂದು ಅಂಗಡಿಯಲ್ಲಿ ಕೇಳಿ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಜಠರದ ಆಮ್ಲವನ್ನು ತಗ್ಗಿಸುತ್ತವೆ. ಆ ಆಮ್ಲವೇ ಬಾಯಿಯ ಬ್ಯಾಕ್ಟೀರಿಯಾಗಳನ್ನು ಕರುಳಿಗೆ ಇಳಿಯಗೊಡದ ಕಾವಲು. ಇವನ್ನು ತಿಂಗಳಾನುಗಟ್ಟಲೆ ನುಂಗುವ ಸಿರೋಸಿಸ್ ರೋಗಿಗಳಲ್ಲಿ ಹೊಟ್ಟೆಯ ನೀರಿನ ಸೋಂಕು ಮತ್ತು ಮಂಪರು ಹೆಚ್ಚಾಗಿ ಕಂಡುಬಂದಿವೆ. ವೈದ್ಯರು ಕಾರಣವಿದ್ದು ಬರೆದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಎಷ್ಟು ದಿನ ಎಂದು ಕೇಳಿ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನಿದ್ರೆ ಮಾತ್ರೆ ಕೊಡಲೇಬೇಡಿ. ಆ ನಿದ್ರಾಹೀನತೆಯೇ ಮಂಪರಿನ ಮೊದಲ ಲಕ್ಷಣವಾಗಿರಬಹುದು. ಕೆಲವು ಕೆಮ್ಮಿನ ಔಷಧಗಳಲ್ಲಿರುವ ಕೋಡೀನ್ ಮಂಪರನ್ನೂ ಮಲಬದ್ಧತೆಯನ್ನೂ ಒಟ್ಟಿಗೆ ತರುತ್ತದೆ. ಮೈಕೈ ನೋವಿಗೆಂದು ತೆಗೆದುಕೊಳ್ಳುವ ಡೈಕ್ಲೊಫೆನಾಕ್, ಐಬುಪ್ರೊಫೇನ್‌ಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ನೀರಿಳಿಸುವ ಮಾತ್ರೆಯನ್ನು ಹೊಟ್ಟೆ ಬೇಗ ಇಳಿಯಲೆಂದು ಎರಡು ಪಾಲು ಮಾಡುವುದೂ ಅಪಾಯ.

ತಡಮಾಡಬಾರದ ಸಂದರ್ಭ

ರೋಗಿ ಎಬ್ಬಿಸಿದರೂ ಏಳದಷ್ಟು ಮಂಪರಾಗಿದ್ದರೆ, ಮಾತು ತೊದಲಿದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ, ಮೂತ್ರ ತೀರ ಕಡಿಮೆಯಾದರೆ ಮರುದಿನದವರೆಗೆ ಕಾಯಬೇಡಿ. ಹೊಟ್ಟೆಯ ನೀರಿಗೆ ಸೋಂಕು ತಗಲಿದಾಗ ಜ್ವರವೂ ನೋವೂ ಇಲ್ಲದೆ ಬರಿಯ ಮಂಕು ಮಾತ್ರ ಕಾಣಿಸಬಹುದು. ಆಸ್ಪತ್ರೆಯಲ್ಲಿ ಸೂಜಿಯಿಂದ ಸ್ವಲ್ಪ ನೀರು ತೆಗೆದು ಪರೀಕ್ಷಿಸಿದರೆ ಅದು ಗೊತ್ತಾಗುತ್ತದೆ. ನೀರು ತೆಗೆದರೆ ಶಕ್ತಿ ಹೋಗುತ್ತದೆಂದು ತಡೆಯಬೇಡಿ. ಮಂಪರಾದವರ ಬಾಯಿಗೆ ಸಿರಪ್ಪನ್ನಾಗಲಿ, ನಿಂಬೆ ಪಾನಕವನ್ನಾಗಲಿ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹೊರಡುವಾಗ ಔಷಧಗಳ ಚೀಲವನ್ನು ಹಾಗೆಯೇ ಎತ್ತಿಕೊಳ್ಳಿ, ಅಂಗಡಿಯಿಂದ ನೀವಾಗಿ ತಂದ ಕ್ಯಾಪ್ಸೂಲು, ನಾಟಿ ಔಷಧಗಳೂ ಅದರಲ್ಲಿರಲಿ. ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿಯೇ ದಿನಕ್ಕೆ ಎಷ್ಟು ಬಾರಿ ಮಲವಿಸರ್ಜನೆ, ಎಷ್ಟು ಮಿಲಿಲೀಟರ್ ಸಿರಪ್ಪು ಎಂದು ಎರಡು ಅಂಕಿ ಬರೆದಿಟ್ಟಿದ್ದರೆ ಆ ಹಾಳೆಯನ್ನೂ ಹರಿದುಕೊಂಡು ಬನ್ನಿ. ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅದನ್ನೇ.